ಅತ್ತೆ ಕೊಡ್ತಿದ್ದ ತಲೆಮಾತು

ಕಡೂರು ಬಸ್‌ಸ್ಟ್ಯಾಂಡಲ್ಲಿ ಮೊನ್ನೆ ಪಂಚನಹಳ್ಳಿ ಬಸ್ಸಿಗೆ ಕಾಯ್ತಾ ಕೂತಿದ್ದೆ. ಆ ಊರಿನ ಒಂದು ತೋಟದಲ್ಲಿ ನನಗೆ ಬೋರ್‌ವೆಲ್ ಮೋಟ್ರು ಮೇಲಕ್ಕೆತ್ತೋ ಕೆಲಸ ಇತ್ತು. ಪಕ್ಕದಲ್ಲಿ ಒಬ್ಳು ಮುದುಕಿ ಮಡ್ಲಲ್ಲಿ ಕಡ್ಲೆಕಾಯಿ ಹಾಕ್ಕೊಂಡು ಸುಲೀತಿದ್ಳು. ಹುರಿದಿದ್ದಲ್ಲ, ಬಿಸ್ಲಲ್ಲಿ ಒಣಗಿಸಿದ್ದು. ಹುರಿದ ಕಾಯಿ ಒಡೆದ್ರೆ ಪುಸ್ ಅನ್ನುತ್ತೆ ಅಷ್ಟೇ. ಒಣಗಿದ ಕಾಯಿ ಹಂಗಲ್ಲ, ಹೆಬ್ಬೆಟ್ಟಲ್ಲಿ ಮೂತಿ ಒತ್ತಿದ್ರೆ ಟಪ್ ಅನ್ನುತ್ತೆ. ಆ ಸದ್ದು ಕಿವಿಗೆ ಬಿದ್ದಿದ್ದೇ ತಡ, ನಾನು ಬೀಡಿ ಎಸ್ದು ನೆಟ್ಟಗೆ ಕೂತ್ಬಿಟ್ಟೆ. ಯಾಕೆ ಅಂತ ಆಮೇಲೆ ಹೊಳೀತು. ಆ ಟಪ್ ಆದ್ಮೇಲೆ ಒಂದು ಮಾತು ಬರ್ಬೇಕು. ಬರ್ಲಿಲ್ಲ. ಮುದುಕಿ ಕಾಳು ಬಾಯಿಗೆ ಹಾಕ್ಕೊಂಡು ಇನ್ನೊಂದು ಕಾಯಿ ತಗೊಂಡ್ಳು. ಬಸ್ಸು ಬಂತು, ಜನ ಹತ್ತಿದ್ರು, ಹೋಯ್ತು. ನಾನು ಕೂತೇ ಇದ್ದೆ.

ನಾನು ಬೆಳೆದಿದ್ದು ಶಿವನಿ ಅನ್ನೋ ಊರಲ್ಲಿ, ನಮ್ಮತ್ತೆ ಮನೇಲಿ. ಅತ್ತೆ ಅಂದ್ರೆ ಅಪ್ಪನ ಅಕ್ಕ, ಎಸ್ತರಮ್ಮ. ನನ್ನ ಹೆತ್ತೋಳು ನಾನು ಅಂಬೆಗಾಲಿಡೋವಾಗ್ಲೇ ಹೋದ್ಳು. ಅಪ್ಪ ರೈಲ್ವೆ ಗ್ಯಾಂಗಲ್ಲಿದ್ದ, ಇನ್ನೊಂದು ಮದುವೆ ಆಗಿ ಹುಬ್ಳಿ ಕಡೆ ಹೋದ, ಹೋಗೋವಾಗ ನನ್ನ ಅತ್ತೆ ಹತ್ರ ಬಿಟ್ಟ. ಅತ್ತೆಗೆ ಮಕ್ಕಳಿರ್ಲಿಲ್ಲ. ಅವಳ ಗಂಡ ಶಿವನಿ ಸ್ಟೇಷನ್ನಲ್ಲಿ ಹಳಿ ಬದಲಾಯ್ಸೋ ಪಾಯಿಂಟ್ಸ್‌ಮನ್ ಆಗಿದ್ದೋನು, ನಾನು ಬರೋ ಮುಂಚೇನೇ ತೀರ್ಕೊಂಡಿದ್ದ. ಕ್ವಾರ್ಟರ್ಸ್ ಬಿಡ್ಬೇಕಾಯ್ತು. ಊರೊಳಗೆ ಸಿದ್ದಪ್ನೋರ ದನದ ಕೊಟ್ಟಿಗೆಗೆ ಅಂಟ್ಕೊಂಡಿದ್ದ ಒಂದು ನಾಡಹೆಂಚಿನ ಮನೆ, ಒಂದೇ ಕೋಣೆ, ಮುಂದೆ ಒಂದು ಜಗಲಿ. ಅಲ್ಲಿ ಇದ್ವಿ. ಕೊಟ್ಟಿಗೆಗೂ ನಮಗೂ ನಡುವೆ ಮಣ್ಣಿನ ಗೋಡೆ ಒಂದೇ. ಎಮ್ಮೆ ಮೆಲುಕು ಹಾಕೋದು, ಹಾಲು ಕರೆಯೋದು ಎಲ್ಲ ಕೇಳಿಸ್ತಿತ್ತು. ಮನೇಲಿ ಯಾವಾಗ್ಲೂ ಕಡ್ಲೆಕಾಯಿ ಸಿಪ್ಪೆ ಉರಿದ ಹೊಗೆ ವಾಸ್ನೆ. ಒಲೆಗೆ ಅದೇ ಸೌದೆ. ಅದರ ಹೊಗೆ ಕಣ್ಣಿಗೆ ಖಾರ ಹಾಕ್ದಂಗೆ ಹತ್ತೋದು, ಬಟ್ಟೇಲಿ ಕೂತ್ರೆ ಒಗೆದ್ರೂ ಹೋಗ್ತಿರ್ಲಿಲ್ಲ. ಈಗ್ಲೂ ಎಲ್ಲಾದ್ರೂ ಆ ಹೊಗೆ ಬಂದ್ರೆ ನನಗೆ ಹಸಿವಾಗುತ್ತೆ.

ಊರಲ್ಲಿ ಕ್ರೈಸ್ತರ ಮನೆ ಅಂತಿದ್ದಿದ್ದು ಅದೊಂದೇ. ಪಾದ್ರಿ ಇದ್ದಿದ್ದು ಕಡೂರಲ್ಲಿ. ತಿಂಗ್ಳಿಗೊಂದ್ಸಲ ಪ್ಯಾಸೆಂಜರ್ ಗಾಡೀಲಿ ಬರೋರು, ನಮ್ಮ ಕೋಣೇಲಿ ಆರಾಧನೆ ಮಾಡಿ, ಅತ್ತೆ ಮಾಡಿದ ಕೋಳಿಸಾರು ಉಂಡು, ಸಂಜೆ ಗಾಡಿಗೆ ಹೋಗೋರು. ಉಳಿದ ಭಾನುವಾರ ನಾವಿಬ್ರೇ ಸಭೆ. ಅತ್ತೆ ಬಿಳೀ ಸೀರೆ ಉಟ್ಕೊಂಡು ಗೋಡೆ ಕಡೆ ಕೂರೋಳು, ನಾನು ಎದುರಿಗೆ. ಅವಳು ಹಾಡೋಳು, ನಾನು ಹಾಡ್ತಿದ್ದೆ, ಎಮ್ಮೆ ಕೆಮ್ಮೋದು. ಹೊರಗೆ ಹುಡುಗ್ರು ಗೋಲಿ ಆಡೋದು ಕೇಳಿಸ್ತಿತ್ತು. ಶಾಲೇಲಿ ನನ್ನ ಹೆಸರು ಸ್ಯಾಮುಯೆಲ್ ಅಂತ ಬರ್ದಿದ್ರು, ಕರೀತಿದ್ದಿದ್ದು ಮಾತ್ರ ಲೇ ಆಮೆನ್ ಅಂತ. ಮೇಷ್ಟ್ರೂ ಒಂದೊಂದ್ಸಲ ಹಂಗೇ ಕರೆಯೋರು. ಓದು ನನಗೆ ಹತ್ತಲಿಲ್ಲ. ಅಕ್ಷರ ಕೂಡಿಸೋಷ್ಟರಲ್ಲಿ ಬೆತ್ತ ಬೀಳ್ತಿತ್ತು. ನಾಕನೇ ಕ್ಲಾಸಿಗೆ ಬಿಟ್ಬಿಟ್ಟೆ. ಅತ್ತೆ ಬೈಲಿಲ್ಲ. ಕಡ್ಲೆಕಾಯಿ ಮೂಟೆ ತೋರ್ಸಿ, ಬಾ ಕೂತ್ಕೋ ಅಂದ್ಳು.

ಗಂಡ ಹೋದ್ಮೇಲೆ ಅವಳ ಬದುಕೇ ಅದು. ಬೇಸ್ಗೇಲಿ ಸಿದ್ದಪ್ನೋರ ಹೊಲದ ಬಿತ್ತನೆ ಕಡ್ಲೆಕಾಯಿ ಸುಲಿದು ಕೊಡ್ಬೇಕು. ಬಿತ್ತನೆಗೆ ಅಂದ್ರೆ ಬಡಿಯೋ ಹಂಗಿಲ್ಲ, ಕಾಳಿನ ಮೇಲಿನ ಕೆಂಪು ಸಿಪ್ಪೆ ಹರೀಬಾರ್ದು, ಮೂತಿ ಮುರೀಬಾರ್ದು. ಒಂದೊಂದನ್ನೇ ಕೈಯಲ್ಲಿ ಒಡೀಬೇಕು. ಬೇರೆ ಕಾಲದಲ್ಲಿ ಹುಣಸೇಹಣ್ಣು ಬಿಡಿಸೋದು, ಹರಳು ಸುಲಿಯೋದು. ಸಂಜೆ ಬಿಸ್ಲು ಇಳಿದ ಮೇಲೆ ಜಗಲೀಲಿ ಮೂಟೆ ಬಿಚ್ಚೋಳು. ಅವಳ ಮುಂದೆ ಒಂದು ಮೊರ, ನನ್ನ ಮುಂದೆ ಒಂದು ಮೊರ. ಆಗ ಶುರು ಆಗ್ತಿತ್ತು ಬೈಬಲ್ ಬಾಯಿಪಾಠ.

ಅವಳ ರೀತಿ ಹಿಂಗೆ. ಹೊಸ ಅಧ್ಯಾಯ ಆದ್ರೆ ಮೊದ್ಲು ಹಗಲಲ್ಲಿ ಪುಸ್ತಕ ಹಿಡ್ಕೊಂಡು ಓದಿ ಹೇಳೋಳು, ನಾನು ಹಿಂದೆ ಹೇಳ್ತಿದ್ದೆ, ನಾಲಗೆ ಪಳಗೋ ತನಕ. ಆಮೇಲೆ ಪುಸ್ತಕ ಟ್ರಂಕಿಗೆ. ಸಂಜೆ ಸುಲಿಯೋಕೆ ಕೂತಾಗ ಅವಳು ಒಂದು ಕಾಯಿ ಒಡೆಯೋಳು, ಟಪ್. ಹಿಂದೇನೇ ವಾಕ್ಯದ ಮೊದಲ್ನೇ ಮಾತು ಒಂದೇ ಒಂದು ಹೇಳೋಳು. ಅದಕ್ಕೆ ತಲೆಮಾತು ಅಂತಿದ್ಳು. ಅಷ್ಟು ಕೊಟ್ರೆ ಉಳಿದಿದ್ದೆಲ್ಲ ನಾನು ಹೇಳ್ಬೇಕು, ಅವಳು ಕಾಳು ಮೊರಕ್ಕೆ ಹಾಕಿ ಸಿಪ್ಪೆ ಎಸೆಯೋದ್ರೊಳಗೆ. ಆಮೇಲೆ ಇನ್ನೊಂದು ಕಾಯಿ, ಇನ್ನೊಂದು ತಲೆಮಾತು. ತಡವರಿಸಿದ್ರೆ ಅದೇ ಮಾತು ಮತ್ತೆ ಹೇಳೋಳು, ಅದಕ್ಕಿಂತ ಒಂದಕ್ಷರ ಜಾಸ್ತಿ ಕೊಡ್ತಿರ್ಲಿಲ್ಲ. ಅರ್ಧಕ್ಕರ್ಧ ತಲೆಮಾತು ‘ಆದರೆ’ ಇಲ್ಲಾ ‘ಯಾಕಂದರೆ’. ಅವಳು ಒಂದೊಂದು ‘ಆದರೆ’ನೂ ಒಂದೊಂದು ಥರ ಅನ್ನೋಳು. ಒಂದನ್ನ ಎಳೆದು, ಒಂದನ್ನ ಕಡಿದು, ಒಂದನ್ನ ಜಗಳಕ್ಕೆ ಬಂದಂಗೆ. ರಾಗ ಕೇಳಿದ್ರೆ ಯಾವ ವಾಕ್ಯ ಅಂತ ನನಗೆ ಗೊತ್ತಾಗ್ತಿತ್ತು.

ಒಂದು ಕಟ್ಟುನಿಟ್ಟು ಇತ್ತು. ಬಾಯಲ್ಲಿ ವಾಕ್ಯ ಇರೋವಾಗ ಕಾಳು ಇರ್ಬಾರ್ದು. ಎದುರಿಗೆ ಮೊರದ ತುಂಬ ಕಾಳು, ಕೈಗೆಲ್ಲ ಅದರದ್ದೇ ವಾಸ್ನೆ, ತಿನ್ನೋ ಹಂಗಿಲ್ಲ. ಸಿದ್ದಪ್ನೋರ ಹೆಂಡ್ತಿ ಗೌರಮ್ಮನೋರು ಸುಲಿದಿದ್ದು ನೋಡೋಕೆ ಬರೋರು. ನಮ್ಮನೆ ಒಳಗೆ ಬರ್ತಿರ್ಲಿಲ್ಲ, ನೀರೂ ಮುಟ್ತಿರ್ಲಿಲ್ಲ. ಜಗಲಿ ತುದೀಲಿ ಕೂತು ಮೊರದಲ್ಲಿ ಕೈಯಾಡಿಸೋರು. ಹಣೆ ತುಂಬ ವಿಭೂತಿ, ದಪ್ಪನೆ ಹೆಂಗಸು, ಬಾಯಿ ಸುಮ್ನಿರ್ತಿರ್ಲಿಲ್ಲ. ಹುಡುಗ ಕಾಳು ಮುಕ್ಕದೆ ಇರ್ಲಿ ಅಂತ ಬಾಯಿಗೆ ಮಂತ್ರ ತುರುಕಿದ್ದೀಯ ಕಣೇ ಎಸ್ತರಮ್ಮ, ಒಳ್ಳೆ ಉಪಾಯ, ನಮ್ಮನೆ ಆಳಿಗೂ ಕಲ್ಸು ಅನ್ನೋರು. ನಿಮ್ಮ ದೇವ್ರಿಗೇನು ಕಿವುಡಾ, ಅದನ್ನೇ ದಿನಾ ಹೇಳ್ತೀರಲ್ಲ ಅಂತ ಇನ್ನೊಂದು ದಿನ. ಅತ್ತೆ ಅದಕ್ಕೆ, ದೇವ್ರಿಗಲ್ಲ ಗೌರಮ್ಮನೋರೆ, ಇವ್ನಿಗೆ ಕಿವುಡು ಅಂದ್ಳು. ಇಬ್ರೂ ನಕ್ರು. ನನಗೆ ಉರೀತಿತ್ತು.

ಕೀರ್ತನೆ ಕಲ್ತೆ, ಯೇಸು ಬೆಟ್ಟದ ಮೇಲೆ ಕೂತು ಹೇಳಿದ್ದು ಕಲ್ತೆ. ಎಲ್ಲಕ್ಕಿಂತ ಅವಳು ಬಿಡದೆ ಹೇಳಿಸಿದ್ದು ಒಂದು ಉದ್ದದ ಅಧ್ಯಾಯ, ಸತ್ತೋರು ಏಳೋ ಅಧ್ಯಾಯ ಅಂತ ನಾವು ಕರೀತಿದ್ವಿ, ಯೇಸು ಭಕ್ತ ಪೌಲ ಸಭೆಗೆ ಬರೆದ ಕಾಗ್ದದಲ್ಲಿರೋದು. ಮಣ್ಣಿಗೆ ಇಡೋವಾಗ ಹೇಳೋದು ಅದು. ಕಷ್ಟ, ಸುತ್ತಿ ಸುತ್ತಿ ಬರುತ್ತೆ, ಒಂದು ವಾಕ್ಯ ಇನ್ನೊಂದರ ಥರಾನೇ ಇರುತ್ತೆ. ಇದನ್ನ ಬಿಟ್ಟು ಬೇರೆ ಕೊಡು ಅಂತ ಒಂದಿನ ಗಲಾಟೆ ಮಾಡ್ದೆ. ಆಗ ಹೇಳಿದ್ಳು. ಗಂಡ ಸತ್ತಾಗ ಪಾದ್ರಿ ಬರೋಕಾಗ್ಲಿಲ್ಲ. ಇವಳೇ ಓದ್ತೀನಿ ಅಂತ ಗುಂಡಿ ಹತ್ರ ಪುಸ್ತಕ ಬಿಚ್ಚಿದ್ಳಂತೆ. ಕಣ್ಣಲ್ಲಿ ನೀರು ನಿಲ್ಲದೆ ಒಂದಕ್ಷರ ಕಾಣ್ಲಿಲ್ಲ. ಜನ ಸ್ವಲ್ಪ ಹೊತ್ತು ನೋಡಿದ್ರು, ಆಮೇಲೆ ಮಣ್ಣು ಎಳೆದ್ರು.

“ಒಂದು ಮಾತಿಲ್ದೆ ಹೂತ್ಬಿಟ್ರು ಕಣೋ ಅವರನ್ನ, ನಾಯಿ ಹೂತಂಗೆ. ನನಗೆ ಹಂಗಾಗ್ಬಾರ್ದು. ಬಾಯಿಪಾಠ ಇದ್ರೆ ಕಣ್ಣು ಬೇಕಾಗಿಲ್ಲ. ನೀನು ಹೇಳ್ಬೇಕು.”

ಅವಳು ಕೇಳಿದ್ದು ನನ್ನ ಹತ್ರ ಇದೊಂದೇ. ಓದು ಅನ್ಲಿಲ್ಲ, ದುಡಿ ಅನ್ಲಿಲ್ಲ. ನಾನು ಹೂಂ ಅಂದೆ. ಆಮೇಲೆ ಗಲಾಟೆ ಮಾಡ್ಲಿಲ್ಲ.

ಒಂದು ತಿಂಗ್ಳು ಪಾದ್ರಿ ಬಂದಾಗ ಅತ್ತೆ ನನ್ನ ಮುಂದೆ ನಿಲ್ಸಿದ್ಳು, ಪೂರ್ತಿ ಅಧ್ಯಾಯ ಬರುತ್ತೆ ಅಂತ. ಪಾದ್ರಿ ಒಳ್ಳೇವ್ರು, ಸಣ್ಣಗೆ ಬಡಕಲು ಮನುಷ್ಯ, ಹೇಳಪ್ಪ ಅಂದ್ರು. ನಾನು ನಿಂತೆ. ಬಾಯಿ ತೆಗೆದೆ. ಏನೂ ಬರ್ಲಿಲ್ಲ. ಹೇಳು ಹೇಳು ಅಂತ ಅವರು ತಲೆ ಆಡ್ಸಿದ್ರು, ನಾನು ಗೋಡೆ ನೋಡ್ದೆ. ಹಿಂದಿಂದ ಅತ್ತೆ ತಲೆಮಾತು ಕೊಟ್ಳು, “ಸಹೋದರರೇ” ಅಂತ. ಅಷ್ಟೇ, ನಾನು ಬಿಟ್ಟೆ ಗಾಡಿ. ಅವಳು ಒಂದೊಂದು ಕೊಟ್ಟಂಗೆ ನಾನು ಒಂದೊಂದು ಹೇಳಿ ಕೊನೇ ತನಕ ಹೋದೆ. ಪಾದ್ರಿ ನಗ್ತಾ, ಡಬ್ಬಿ ಚೆನ್ನಾಗಿವೆ ಎಸ್ತರಮ್ಮ, ಎಂಜಿನ್ ಮಾತ್ರ ನಿನ್ನ ಹತ್ರಾನೇ ಇದೆ ಅಂದ್ರು.

“ನಾನಿರ್ತೀನಲ್ಲ ಅಯ್ಯ, ಕೊಡ್ತೀನಿ” ಅಂದ್ಳು ಅತ್ತೆ.

ಪಾದ್ರಿ ತಲೆ ಆಡ್ಸಿದ್ರು. ಆ ಅಧ್ಯಾಯ ನಾನು ಹೇಳ್ಬೇಕಾಗಿರೋದು ಯಾವತ್ತು, ಅವತ್ತು ಯಾರು ಇರಲ್ಲ ಅನ್ನೋದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೀಲಿಲ್ಲ. ಕೋಳಿಸಾರು ಉಂಡ್ವಿ.

ವರ್ಷ ಹೋದವು. ಅತ್ತೆ ಕಣ್ಣಿಗೆ ಪೊರೆ ಬಂತು. ತರೀಕೆರೆಗೆ ಕಣ್ಣಿನ ಡಾಕ್ಟ್ರು ಬಂದಾಗ ಹೋಗೋಣ ಅಂದೆ, ಕಾಳು ಸುಲಿಯೋಕೆ ಕಣ್ಣು ಯಾಕೆ ಅಂದ್ಳು. ನಿಜಾನೇ, ಅವಳ ಬೆರಳಿಗೆ ಎಲ್ಲ ಗೊತ್ತಿತ್ತು. ಪುಸ್ತಕ ಬಿಚ್ಚೋದು ನಿಂತೋಯ್ತು. ಅದರ ಕರೀ ರಟ್ಟು ಸವೆದು ನೂಲು ಕಾಣ್ತಿತ್ತು, ಒಳಗೆ ಕರ್ಪೂರದ ವಾಸ್ನೆ. ಅದನ್ನ ತೊಡೆ ಮೇಲೆ ಇಟ್ಕೊಂಡು ಸವರ್ತಿದ್ಳು. ನಾನು ಸತ್ರೆ ಇದನ್ನ ನನ್ನ ಎದೆ ಮೇಲೆ ಇಟ್ಬಿಡು, ನಿನ್ನ ಹತ್ರ ಬಾಯಿ ಇದೆಯಲ್ಲ ಅನ್ನೋಳು. ಹೊರಗಡೆ ಕತ್ತಲಾಗ್ತಿತ್ತು, ಸ್ಟೇಷನ್ ಕಡೆಯಿಂದ ಕಲ್ಲಿದ್ದಲ ಎಂಜಿನ್ ಏದುಸಿರು ಬಿಟ್ಕೊಂಡು ಬರೋದು, ಎರಡು ನಿಮಿಷ ನಿಂತು ಹೋಗೋದು. ಆಮೇಲೆ ಊರೆಲ್ಲ ಸುಮ್ನೆ. ನಮ್ಮ ಜಗಲೀಲಿ ಟಪ್, ಒಂದು ಮಾತು, ನನ್ನ ಗೊಣಗಾಟ. ಗೌರಮ್ಮನೋರು ಬಿಟ್ರೆ ಬೇರೆ ಯಾರೂ ನಮ್ಮ ಜೊತೆ ಮಾತಾಡೋರಿರ್ಲಿಲ್ಲ. ನಾವಿಬ್ರೂ ಅದು ಬಿಟ್ಟು ಜಾಸ್ತಿ ಮಾತಾಡಿದ್ದೂ ಇಲ್ಲ ಅಂತ ಈಗ ಅನ್ನಿಸುತ್ತೆ. ಊಟ ಮಾಡು, ದೀಪ ಆರ್ಸು, ಅಷ್ಟೇ. ಪ್ರೀತಿ ಗೀತಿ ಅಂತ ಏನಿತ್ತೋ ಅದೆಲ್ಲ ಆ ತಲೆಮಾತಲ್ಲೇ ಬರ್ತಿತ್ತು.

ಒಂದ್ಸಲ ಅವಳಿಗೆ ಕೆಮ್ಮು ಹತ್ಕೊಂಡಿತ್ತು. ಕಾಯಿ ಒಡೆದ್ಳು, ಮಾತು ಬರ್ಲಿಲ್ಲ, ಕೆಮ್ಮಿದ್ಳು. ನಾನು ಕಾಯ್ತಾ ಕೂತಿದ್ದೆ. ಆಗ ಗೋಡೆ ಆಚೆಯಿಂದ, ಹಾಲು ಕರೆಯೋ ಸದ್ದಿನ ನಡುವೆ, ಗೌರಮ್ಮನೋರ ಗಂಟಲು ಬಂತು. “ಆದರೆ” ಅಂತ. ಅತ್ತೆ ಅನ್ನೋ ಥರಾನೇ, ಎಳೆದು. ಆಟ ಆಡ್ಸೋಕೆ ಅಂದಿದ್ದು. ನನ್ನ ಬಾಯಿಂದ ಉಳಿದ ವಾಕ್ಯ ತಾನಾಗೇ ಬಂದ್ಬಿಡ್ತು. ಅತ್ತೆ ಕೆಮ್ಮೋದು ಬಿಟ್ಟು ಕಿವಿ ಕೊಟ್ಟು ಕೂತ್ಳು, ಆಮೇಲೆ ನಕ್ಳು. ನಿಮ್ಮ ಎಮ್ಮೆಗೂ ಬಂದಿರುತ್ತೆ ಬಿಡಿ ಅಂತ ಗೋಡೆ ಕಡೆ ಕೂಗಿದ್ಳು.

ಅವಳು ಹೋಗಿದ್ದು ಬೇಸ್ಗೇಲಿ, ಮಳೆಗೆ ಮುಂಚೆ, ಸುಲಿಯೋ ಕಾಲದಲ್ಲೇ. ಬೆಳಿಗ್ಗೆ ಎಬ್ಬಿಸೋಕೆ ಹೋದ್ರೆ ಮೈ ತಣ್ಣಗಿತ್ತು. ಜಗಲೀಲಿ ಅರ್ಧ ಸುಲಿದ ಮೂಟೆ ಹಂಗೇ ಇತ್ತು. ನಾನು ಗೌರಮ್ಮನೋರನ್ನ ಕೂಗ್ದೆ. ಅವರು ಬಂದು ಜಗಲಿ ಹತ್ರ ಒಂದು ಗಳಿಗೆ ನಿಂತ್ರು. ಆಮೇಲೆ ಸೀದಾ ಒಳಗೆ ಬಂದ್ರು. ಅವರು ಆ ಮನೆ ಹೊಸ್ತಿಲು ದಾಟಿದ್ದನ್ನ ನಾನು ನೋಡಿದ್ದು ಅದೇ ಮೊದ್ಲು. ಕೂತು ಅತ್ತೆ ಕಣ್ಣು ಮುಚ್ಚಿ, ಕಾಲು ನೆಟ್ಟಗೆ ಮಾಡಿದ್ರು. ಸ್ಟೇಷನ್ ಮಾಸ್ಟ್ರು ಕಡೂರಿಗೆ ಸುದ್ದಿ ಮುಟ್ಟಿಸಿದ್ರು. ಪಾದ್ರಿ ತರೀಕೆರೆ ಕಡೆ ಯಾರದ್ದೋ ಮದುವೆಗೆ ಹೋಗಿದ್ದಾರೆ, ಹೇಳಿ ಕಳಿಸ್ತೀವಿ ಅಂತ ಉತ್ತರ ಬಂತು. ಹಗಲ ಗಾಡಿ ಬಂತು, ನಾನು ಪ್ಲಾಟ್‌ಫಾರಮ್ಮಲ್ಲಿ ನಿಂತು ಇಳಿದೋರನ್ನೆಲ್ಲ ನೋಡ್ದೆ. ಅವರಿರ್ಲಿಲ್ಲ. ಬಿಸ್ಲು ಕೆಂಡ. ಇನ್ನು ಇಟ್ಕೊಳ್ಳೋಕಾಗಲ್ಲ ಕಣಪ್ಪ ಅಂದ್ರು ಸಿದ್ದಪ್ನೋರು.

ಅವರ ಆಳುಗಳೇ ಗುಂಡಿ ತೋಡಿದ್ರು, ರೈಲ್ವೆ ಲೈನ್ ಆಚೆ, ಅವಳ ಗಂಡನ ಪಕ್ಕದಲ್ಲಿ. ತಮ್ಮ ಜನಕ್ಕೆ ತೋಡೋ ಥರ ಚೌಕಾಗಿ ತೋಡಿದ್ರು, ಅವರಲ್ಲಿ ಕೂರಿಸಿ ಮಣ್ಣು ಮಾಡ್ತಾರೆ. ನಾನು ಹೋಗಿ ಮಲಗಿಸ್ಬೇಕು ಅಂದೆ. ಸಿದ್ದಪ್ನೋರು ತಲೆ ಮೇಲಿನ ಟವೆಲ್ ತೆಗೆದು, ಉದ್ದ ಮಾಡ್ರೋ ಲೇ, ಅವರ ಪದ್ಧತಿ ಅವರಿಗೆ ಅಂದ್ರು. ಮತ್ತೆ ತೋಡಿದ್ರು. ಗಟ್ಟಿ ಮಣ್ಣು, ಪಿಕಾಸಿಗೆ ಕಿಡಿ ಬರೋದು. ಚಾಪೇಲಿ ಸುತ್ತಿ ಇಳಿಸಿದ್ವಿ. ಪುಸ್ತಕ ಎದೆ ಮೇಲೆ ಇಟ್ಟಿದ್ದೆ. ಜನ ಸುತ್ತ ನಿಂತ್ಕೊಂಡು ನನ್ನ ಕಡೆ ನೋಡಿದ್ರು.

ನಾನು ಬಾಯಿ ತೆಗೆದೆ. ಏನೂ ಬರ್ಲಿಲ್ಲ.

ಮರ್ತಿರ್ಲಿಲ್ಲ, ಅದು ಹೇಳ್ತೀನಿ. ಪೂರ್ತಿ ಅಧ್ಯಾಯ ಒಳಗೆ ಇತ್ತು, ಗಂಟಲಲ್ಲಿ ಕೂತಿತ್ತು. ತಲೆಮಾತು ಯಾವುದು ಅಂತಾನೂ ಗೊತ್ತಿತ್ತು. ಅದನ್ನ ನಾನೇ ಹೇಳ್ಕೊಳ್ಳೋದು ಅನ್ನೋದು ನನ್ನ ಬಾಯಿಗೆ ಗೊತ್ತಿರ್ಲಿಲ್ಲ. ಅದು ಅವಳದ್ದು. ಅವಳು ಕೊಡ್ಬೇಕು, ನಾನು ಹೇಳ್ಬೇಕು. ಅವಳು ಚಾಪೆ ಒಳಗೆ ಮಲಗಿದ್ಳು. ಯಾರೋ ಕೆಮ್ಮಿದ್ರು. ಒಬ್ಬ ಆಳು ಸಲಿಕೆ ಕೈಗೆ ತಗೊಂಡ. ನನಗೆ ಸಲಿಕೆ ಮಾತ್ರ ಕಾಣ್ತಿತ್ತು. ನಾಯಿ ಹೂತಂಗೆ ಅಂದಿದ್ಳಲ್ಲ, ಅದು ಕಿವೀಲಿ ಹೊಡ್ಕೊಳ್ತಿತ್ತು.

“ಸಹೋದರರೇ.”

ಹೆಂಗಸಿನ ಗಂಟಲು. ಗಂಡಸರೆಲ್ಲ ತಿರುಗಿ ನೋಡಿದ್ರು, ತಮ್ಮನ್ನೇ ಕರೀತಿದ್ದಾರೆ ಅಂತ. ದೂರದಲ್ಲಿ ಹೆಂಗಸರ ಗುಂಪಲ್ಲಿ ನಿಂತಿದ್ದ ಗೌರಮ್ಮನೋರು ಸೆರಗು ಹೊದ್ಕೊಂಡು ಗುಂಡಿ ಕಡೆ ಎರಡು ಹೆಜ್ಜೆ ಮುಂದೆ ಬಂದಿದ್ರು. ಸಿದ್ದಪ್ನೋರು ಕಣ್ಣು ಬಿಟ್ರು. ಅವರು ಗಂಡನ ಕಡೆ ನೋಡ್ಲಿಲ್ಲ. ನನ್ನ ನೋಡಿ ಇನ್ನೊಂದ್ಸಲ, ಗಟ್ಟಿಯಾಗಿ, ಅತ್ತೆ ಅನ್ನೋ ರಾಗದಲ್ಲೇ ಅಂದ್ರು, “ಸಹೋದರರೇ.”

ನನ್ನ ಬಾಯಿ ಬಿಟ್ಕೊಂತು. ಮೊದಲ್ನೇ ವಾಕ್ಯ ಹೋಯ್ತು. ಮುಗಿದಿದ್ದೇ ಅವರು ಎರಡನೇದು ಕೊಟ್ರು. ಅದಾದ್ಮೇಲೆ ಇನ್ನೊಂದು. ಒಂದೊಂದು ‘ಆದರೆ’ನೂ ಅತ್ತೆ ಅಂದಂಗೇ, ಎಳೆಯೋದನ್ನ ಎಳೆದು, ಕಡಿಯೋದನ್ನ ಕಡಿದು. ಅದರ ಅರ್ಥ ಅವರಿಗೆ ಗೊತ್ತಿರ್ಲಿಲ್ಲ, ಉಳಿದ ವಾಕ್ಯವೂ ಬರ್ತಿರ್ಲಿಲ್ಲ. ನಾನು ಗೊಣಗ್ತಿದ್ದೆ, ಅತ್ತೆ ಗಟ್ಟಿಯಾಗಿ ಹೇಳೋಳು, ಗೋಡೆ ದಾಟಿ ಹೋಗಿದ್ದು ತಲೆಮಾತು ಮಾತ್ರ. ನಡುವೆ ಒಂದು ಕಡೆ ಅವರೂ ನಿಂತ್ರು, ನಾನೂ ನಿಂತೆ. ಕಣ್ಣು ಮುಚ್ಕೊಂಡು ಯೋಚ್ನೆ ಮಾಡಿ ಮುಂದಿನದು ಯಾವುದೋ ಕೊಟ್ರು, ನಾನು ಅಲ್ಲಿಂದ ಹಿಡಿದೆ. ಒಂದೆರಡು ವಾಕ್ಯ ಬಿಟ್ಟೋದವು. ಯಾರೂ ತಪ್ಪು ಹಿಡೀಲಿಲ್ಲ, ಹಿಡಿಯೋಳು ಗುಂಡೀಲಿದ್ಳು. ನನ್ನ ಕಣ್ಣಲ್ಲಿ ನೀರು ಧಾರಾಕಾರ, ಯಾವ ಮುಖವೂ ಕಾಣ್ತಿರ್ಲಿಲ್ಲ. ಅವಳು ಹೇಳಿದ್ದು ಸರಿ, ಕಣ್ಣು ಬೇಕಾಗ್ಲಿಲ್ಲ. ಕೊನೇ ವಾಕ್ಯ ಮುಗಿದ ಮೇಲೆ ಮಣ್ಣು ಎಳೆದ್ರು.

ಮಾರನೇ ದಿನ ಪಾದ್ರಿ ಓಡಿ ಬಂದ್ರು. ಮಣ್ಣಿನ ಗುಡ್ಡೆ ಹತ್ರ ಪ್ರಾರ್ಥನೆ ಮಾಡಿ, ನಮ್ಮ ಜಗಲಿಗೆ ಬಂದು ಕೂತು, ಯಾರಪ್ಪ ನಡೆಸಿದ್ದು ಅಂತ ಕೇಳಿದ್ರು. ನಾನು ಹೇಳ್ದೆ, ಗೌರಮ್ಮನೋರು ಕೊಟ್ರು ಅಂದೆ. ಪಾದ್ರಿಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡೀತು. ಗೌರಮ್ಮನೋರು ಅಲ್ಲೇ ಇದ್ರು. “ನಡುವೆ ಇದ್ದಿದ್ದು ಮಣ್ಣಿನ ಗೋಡೆ ಸ್ವಾಮಿ, ಕೇಳಿಸ್ತಿತ್ತು” ಅಂದ್ರು. ಅಷ್ಟು ಹೇಳಿ ನಮ್ಮ ಜಗಲೀಲಿದ್ದ ಅರ್ಧ ಮೂಟೆ ಎಳ್ಕೊಂಡು ಕೂತು, ತಾವೇ ಸುಲಿಯೋಕೆ ಶುರು ಮಾಡಿದ್ರು.

ಅಪ್ಪ ಬರ್ಲಿಲ್ಲ. ಪಾದ್ರಿ ನನ್ನ ಕಡೂರಿಗೆ ಕರ್ಕೊಂಡೋಗಿ ಮೋಟ್ರು ರಿಪೇರಿ ಅಂಗಡೀಲಿ ಬಿಟ್ರು. ಬಿಡುವಾದಾಗ ಶಿವನಿಗೆ ಹೋಗ್ತಿದ್ದೆ. ಅಲ್ಲಿ ನನಗೆ ಮನೆ ಅಂತ ಏನೂ ಇರ್ಲಿಲ್ಲ, ಆದ್ರೂ ಹೋಗ್ತಿದ್ದೆ. ಗೌರಮ್ಮನೋರು ತಮ್ಮ ಜಗಲಿ ಮೇಲೆ ಕೂರಿಸಿ ಊಟ ಹಾಕೋರು. ಕೈ ತೊಳೆದ ಮೇಲೆ ಹೇಳೋ ನೋಡಣ ಅನ್ನೋರು. ಅವರು ಒಂದೊಂದೇ ಕೊಡೋರು, ನಾನು ಹೇಳ್ತಿದ್ದೆ. ಅವರಿಗೆ ಅದು ದೇವ್ರ ಮಾತು ಅಂತಲ್ಲ. ಎಸ್ತರಮ್ಮ ಮಾತಾಡ್ದಂಗಾಗುತ್ತೆ ಕಣೋ ಅಂತ ಒಂದ್ಸಲ ಅಂದ್ರು. ನನಗೂ ಹಂಗೇ ಆಗ್ತಿತ್ತು, ಹೇಳ್ಲಿಲ್ಲ.

ಹೋದ ವರ್ಷ ಅವರೂ ಹೋದ್ರು. ಸುದ್ದಿ ಕೇಳಿ ಹೋದೆ. ವಿಭೂತಿ ಹಚ್ಚಿ, ಹೂವು ಹಾಕಿ, ಕೂರಿಸಿದ್ರು. ಅವರ ಮಠದೋರು ಬಂದು ಹೇಳೋದನ್ನೆಲ್ಲ ಹೇಳಿದ್ರು. ಅಲ್ಲಿ ನನ್ನ ಕೆಲಸ ಏನೂ ಇರ್ಲಿಲ್ಲ. ದೂರ ನಿಂತಿದ್ದು, ಹಿಡಿ ಮಣ್ಣು ಹಾಕಿ ಬಂದೆ. ನಮ್ಮ ಮನೆ ಈಗ ಇಲ್ಲ. ನಡುವಿನ ಗೋಡೆ ಕೆಡವಿ ಅಲ್ಲಿ ಟ್ರ್ಯಾಕ್ಟರ್ ನಿಲ್ಸ್ತಾರೆ. ನೆಲದಲ್ಲಿ ಎಣ್ಣೆ ಕಲೆ, ಡೀಸೆಲ್ ವಾಸ್ನೆ. ಒಲೆ ಇದ್ದಿದ್ದು ಯಾವ ಮೂಲೇಲಿ ಅಂತ ಹುಡುಕಿದೆ, ಸಿಗ್ಲಿಲ್ಲ.

ನಿಮ್ಮಲ್ಲೂ ಯಾರಾದ್ರೂ ಇರ್ತೀರಿ, ಹೇಳೋಕೆ ಬೇಕಾದಷ್ಟು ಇಟ್ಕೊಂಡು ತಲೆಮಾತು ಕೊಡೋರಿಲ್ದೆ ಕೂತಿರೋರು. ನನಗೆ ಪೌಲನ ಆ ಅಧ್ಯಾಯ ಈಗ್ಲೂ ಬರುತ್ತೆ ಅಂತ ಗೊತ್ತು. ಕಡೂರಿನ ರೂಮಲ್ಲಿ ಒಬ್ಬನೇ ಇದ್ದಾಗ ಎಷ್ಟೋ ಸಲ ‘ಸಹೋದರರೇ’ ಅಂತ ನಾನೇ ಅಂದ್ಕೊಂಡು ನೋಡಿದ್ದೀನಿ. ಗೋಡೆಗೆ ಬಡಿದು ವಾಪಸ್ ಬರುತ್ತೆ, ಹಿಂದೆ ಏನೂ ಬರಲ್ಲ.

ಬಸ್‌ಸ್ಟ್ಯಾಂಡಲ್ಲಿ ಆ ಮುದುಕಿ ನಾನು ನೋಡ್ತಿರೋದನ್ನ ಗಮನಿಸಿ, ಹಸಿದಿದ್ದಾನೆ ಅಂದ್ಕೊಂಡ್ಳೋ ಏನೋ, ತಗಳಪ್ಪ ಅಂತ ಒಂದು ಹಿಡಿ ಕಾಯಿ ಕೈಗೆ ಹಾಕಿದ್ಳು. ಒಂದು ತಗೊಂಡು ಮೂತಿ ಒತ್ತಿದೆ. ಟಪ್ ಅಂತು. ತಲೆಮಾತಿಗೆ ಕಾದೆ. ಬಾಯಲ್ಲಿ ವಾಕ್ಯ ಇರ್ಲಿಲ್ಲ. ಕಾಳು ತಿಂದೆ.